ಶ್ರುತಿ ಪೆಟ್ಟಿಗೆಯ ಒಳಗೆ ಎಂತ ಉಂಟು?

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ, ದೇವರ ಕೋಣೆಯಲ್ಲೋ ಕಪಾಟಿನ ಮೇಲೋ, ಒಂದು ಇಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಉಂಟು. ಮಕ್ಕಳು ಸಂಗೀತ ಕ್ಲಾಸಿಗೆ ಹೋಗುವಾಗ ತಂದದ್ದು, ಈಗ ಭಜನೆ ದಿನ ಮಾತ್ರ ಹೊರಗೆ ಬರ್ತದೆ. ಅದೂ ಒಂದು ಸಣ್ಣ ಸಿಂಥಸೈಸರ್ ಅಂತ ಹೇಳಿದ್ರೆ ನೀವು ನಗ್ತೀರಿ. ಆದ್ರೆ ಅದು ಹೌದು ಮಾರಾಯ್ರೆ.

ಈ ವಿಷಯ ಈಗ ಯಾಕೆ ಬಂತು ಅಂದ್ರೆ, ಕಾಪುವಿನ ನನ್ನ ತಂಗಿಯ ಮಗಳು ಮಣಿಪಾಲದಲ್ಲಿ ಓದಿ ಮುಗಿಸಿ ಮಾಳಿಗೆಯಲ್ಲಿ ಕೂತು ಸಿಂಥಸೈಸರ್‌ನ ಬಿಡಿ ಪೆಟ್ಟಿಗೆ ಮಾಡ್ತಿದ್ದಾಳೆ. ಮಾಡ್ಯುಲರ್ ಅಂತ ಹೇಳ್ತಾರೆ ಅದಕ್ಕೆ. ಬಳೆ ಅಡವಿಟ್ಟು ಸಾಮಾನು ತರಿಸ್ತೇನೆ ಅಂತ ಹೊರಟಿದ್ದಾಳೆ. "ಅದು ಎಂತದ್ದು, ಅದರಲ್ಲಿ ಹೊಟ್ಟೆ ತುಂಬ್ತದಾ?" ಅಂತ ಕಾರ್ಕಳದ ದೊಡ್ಡಮ್ಮನಿಂದ ಹಿಡಿದು ಎಲ್ಲರೂ ಕೇಳ್ತಿದ್ದೀರಿ. ಉತ್ತರ ಚರಿತ್ರೆಯಲ್ಲಿ ಉಂಟು, ಹಾಗಾಗಿ ಬರೀತೇನೆ.

ಮೊದಲು ಶ್ರುತಿ ಹಿಡೀಲಿಕ್ಕೆ ಒಂದು ಜನವೇ ಬೇಕಿತ್ತು. ತಂಬೂರಿ ಆದ್ರೆ ಹಿಂದೆ ಕೂತು ಮೀಟುತ್ತಾ ಇರ್ಬೇಕು. ಹೆಚ್ಚಾಗಿ ಅದು ಕಲಿಯುವ ಹುಡುಗಿಯ ಕೆಲಸ. ನಮ್ಮ ಬಡಗುತಿಟ್ಟಿನ ಆಟದಲ್ಲಿ ಭಾಗವತರ ಶ್ರುತಿಗೆ ಪುಂಗಿ ಊದುವವರು ಇರ್ತಿದ್ರು, ಮತ್ತೆ ಹಾರ್ಮೋನಿಯಂ ಬಂತು. ಕೈಯಿಂದ ಗಾಳಿ ಹಾಕುವ ಹಾರ್ಮೋನಿಯಂ 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಮಾಡಿದ್ದು. ಅದಕ್ಕೂ ಒಂದು ಕೈ ಬೇಕೇ ಬೇಕು. ಮನೆಯಲ್ಲಿ ಒಬ್ಬಳೇ ಹಾಡುವ ಹೆಂಗಸಿಗೆ ಆ ಇನ್ನೊಂದು ಕೈ ಎಲ್ಲಿಂದ?

ಈಗ ಅಮೆರಿಕಕ್ಕೆ ಹೋಗುವ, ಯಾಕಂದ್ರೆ ಕರೆಂಟಿನಿಂದ ಸ್ವರ ಮಾಡುವ ಬಿಡಿ ಪೆಟ್ಟಿಗೆಗಳು ಶುರುವಾದದ್ದು ಅಲ್ಲಿ. ರಾಬರ್ಟ್ ಮೂಗ್ ಅಂತ ಒಬ್ಬರು. 1950ರ ದಶಕದಲ್ಲಿ ನ್ಯೂಯಾರ್ಕಿನ ಮನೆಯಲ್ಲೇ ಅಪ್ಪನೊಟ್ಟಿಗೆ ಥೆರೆಮಿನ್ ಮಾಡಿ ಮಾರ್ತಿದ್ರು. ಮುಟ್ಟದೆ, ಗಾಳಿಯಲ್ಲಿ ಕೈ ಆಡಿಸಿ ನುಡಿಸುವ ವಾದ್ಯ ಅದು. 1961ರಲ್ಲಿ ಅದರ ಬಿಡಿಭಾಗಗಳ ಕಟ್ಟು ಮಾಡಿ 49.95 ಡಾಲರಿಗೆ ಕೊಟ್ರು. ಬಾಡಿಗೆ ಮನೆಯಿಂದಲೇ ಸುಮಾರು 1000 ಕಟ್ಟು ಹೋಯ್ತು. ಆ ಗೃಹೋದ್ಯೋಗದಿಂದ 1964ರಲ್ಲಿ ಮಾಡ್ಯುಲರ್ ಸಿಂಥಸೈಸರ್ ಹುಟ್ಟಿತು.

ಅದರ ಕೆಲಸ ನಮಗೆ ಅಡಿಗೆಕೋಣೆಯಲ್ಲಿ ಅರ್ಥ ಆಗ್ತದೆ. ಒಂದು ಪೆಟ್ಟಿಗೆ ಹಸಿ ಸ್ವರ ಕೊಡ್ತದೆ, ತೆಂಗಿನಕಾಯಿ ಕಡೆದ ಹಾಗೆ. ಇನ್ನೊಂದು ಸೋಸ್ತದೆ, ಕಾಯಿಹಾಲು ಬಟ್ಟೆಯಲ್ಲಿ ಹಿಂಡಿದ ಹಾಗೆ, ಕರ್ಕಶ ಹೋಗಿ ನಯ ಉಳೀತದೆ. ಮೂರನೆಯದ್ದು ನಳ್ಳಿ, ಎಷ್ಟು ಬೇಕೋ ಅಷ್ಟೇ ಬಿಡುವುದು. ಯಾವುದರಿಂದ ಯಾವುದಕ್ಕೆ ಹೋಗ್ಬೇಕು ಅಂತ ವಯರ್ ಚುಚ್ಚಿ ನಾವೇ ತೀರ್ಮಾನ ಮಾಡುವುದು. ಒಂದು ವೋಲ್ಟ್ ಏರಿಸಿದ್ರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗ್ತದೆ.

1968ರಲ್ಲಿ ವೆಂಡಿ ಕಾರ್ಲೋಸ್ ಇದರಲ್ಲಿ ಬಾಖ್‌ನ ಸಂಗೀತ ನುಡಿಸಿದ ರೆಕಾರ್ಡು ಬಂದು ಮೂಗ್ ಹೆಸರು ಜಗತ್ತಿಗೆಲ್ಲ ಗೊತ್ತಾಯ್ತು. ಆದ್ರೂ ಸಾಲ ತೀರ್ಲಿಲ್ಲ. 1971ರಲ್ಲಿ ಕಂಪೆನಿಯನ್ನು ಬೇರೆಯವರಿಗೆ ಬಿಟ್ಟುಕೊಡ್ಬೇಕಾಯ್ತು. ಹೆಸರು ಬೇರೆ, ಹಣ ಬೇರೆ, ಇದನ್ನು ಗುರ್ತ ಇಟ್ಟುಕೊಳ್ಳಿ.

ನಮ್ಮ ದೇಶಕ್ಕೆ ಮೂಗ್ ಬಂದದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ. ಅದರ ಹಿಂದೆ ಒಬ್ಬ ಹೆಂಗಸು ಇದ್ರು, ಪಖವಾಜ್ ನುಡಿಸ್ತಿದ್ದ ಗೀತಾ ಸಾರಾಭಾಯಿ. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿ ಕೊಟ್ರು. ಕೆಲವೇ ವರ್ಷ ನಡೆದು ನಿಂತಿತು. ದೊಡ್ಡ ಸಂಸ್ಥೆಯ ದುಬಾರಿ ಯಂತ್ರ, ಮನೆ ಬಾಗಿಲಿಗೆ ಬರ್ಲೇ ಇಲ್ಲ.

ಮನೆ ಬಾಗಿಲಿಗೆ ಬಂದದ್ದು ಬೆಂಗಳೂರಿನಿಂದ. ಹಿಂದುಸ್ತಾನ್ ಏರೋನಾಟಿಕ್ಸ್‌ನಲ್ಲಿ ಇಂಜಿನಿಯರ್ ಆಗಿದ್ದ ಜಿ. ರಾಜ್ ನಾರಾಯಣ್ ಕೊಳಲು ನುಡಿಸುವವರು. ಕೊಳಲು ಊದುವವರಿಗೆ ಎರಡು ಕೈಯೂ ಬೇಕು, ಬಾಯಿಯೂ ಬೇಕು. ತಂಬೂರಿ ಮೀಟುವುದು ಯಾರು? 1979ರ ಹೊತ್ತಿಗೆ ಅವರು ಇಲೆಕ್ಟ್ರಾನಿಕ್ ತಂಬೂರಿ ಮಾಡಿದ್ರು. ರೇಡೆಲ್ ಅಂತ ಕಂಪೆನಿ ಆಯ್ತು. ತಂಬೂರಿಗೆ ಸಾರಂಗ್, ತಬಲಕ್ಕೆ ತಾಲಮಾಲಾ ಅಂತ ಹೆಸರು. ಬೆಂಗಳೂರಿನದ್ದೇ ಸೌಂಡ್ ಲ್ಯಾಬ್ಸ್‌ನವರ ರಾಗಿಣಿಯೂ ಬಂತು. ಒಳಗಿನ ಕೆಲಸ ನೋಡಿದ್ರೆ ಮೂಗ್ ಪೆಟ್ಟಿಗೆಯದ್ದೇ ಜಾತಿ: ಸ್ವರ ಹುಟ್ಟಿಸುವುದು, ಸೋಸುವುದು, ಪ-ಸ-ಸ-ಸ ಅಂತ ಒಂದರ ಹಿಂದೆ ಒಂದು ಬಿಡುವುದು. ವಯರ್ ಮಾತ್ರ ಒಳಗೇ ಬೆಸುಗೆ ಹಾಕಿ ಮುಚ್ಚಿದ್ದು. ನಾವು ತಿರುಗಿಸ್ಲಿಕ್ಕೆ ಎರಡು ಮೂರು ಗುಂಡಿ.

ಆ ಗುಂಡಿಯಿಂದ ಎಷ್ಟು ಜನ ಅಮ್ಮಂದಿರು ಅನ್ನ ಬೇಯುವಷ್ಟು ಹೊತ್ತಿನಲ್ಲಿ ಸರಳೆ ವರಸೆ ಹಾಡಿದ್ರು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ತಂಬೂರಿಯ ಬುರುಡೆಯ ಆ ಝೇಂಕಾರ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಅದು ನಿಜ. ಆದ್ರೆ ಇನ್ನೊಬ್ಬರನ್ನು ಕಾಯುವುದು ತಪ್ಪಿತು.

ಇನ್ನು ನಮ್ಮ ಹುಡುಗಿಯ ವಿಷಯ. 1990ರ ದಶಕದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಈ ಬಿಡಿ ಪೆಟ್ಟಿಗೆಗಳಿಗೆ ಒಂದು ಅಳತೆ ಹಾಕಿದ್ರು: ಎತ್ತರ 128.5 ಮಿಲಿಮೀಟರ್, ಕರೆಂಟು 12 ವೋಲ್ಟ್. ಹೆಸರು ಯೂರೋರ್‍ಯಾಕ್. ಒಂದು ಕಂಪೆನಿಯ ಮಿಕ್ಸಿ ಜಾರ್ ಇನ್ನೊಂದಕ್ಕೆ ಕೂರುವುದಿಲ್ಲ ಅಲ್ವಾ, ಇದು ಹಾಗಲ್ಲ. ಕಾಪುವಿನಲ್ಲಿ ಮಾಡಿದ್ದು ಬರ್ಲಿನ್‌ನ ಚೌಕಟ್ಟಿನಲ್ಲೂ ಕೂರ್ತದೆ. ಹಾಗಾಗಿಯೇ ಇಡೀ ಯಂತ್ರ ಮಾಡದೆ, ಒಂದೇ ಬಿಡಿ ಪೆಟ್ಟಿಗೆ ಮಾಡಿ ಮನೆಯಿಂದ ಮಾರುವವರು ಬೇರೆ ದೇಶದಲ್ಲಿ ಎಷ್ಟೋ ಜನ ಇದ್ದಾರೆ. ಒಳಗೆ ಹಾಕುವ 555 ಅನ್ನುವ ಚಿಪ್ 1972ರಿಂದ ಮಾರುಕಟ್ಟೆಯಲ್ಲಿ ಉಂಟು, ಬೆಲೆ ಒಂದು ಮಸಾಲೆದೋಸೆಯಷ್ಟೂ ಇಲ್ಲ. ಖರ್ಚು ಬರುವುದು ತಗಡು, ಗುಂಡಿ, ಬೋರ್ಡಿಗೆ.

ಮೂಗ್ ಸೋತದ್ದು ಯಂತ್ರ ಸರಿ ಇಲ್ಲದೆ ಅಲ್ಲ. ಶ್ರುತಿ ಪೆಟ್ಟಿಗೆ ನಿಂತದ್ದು ದಿನಾ ಬೇಕಾದ್ದರಿಂದ. ಈಗ ಅದನ್ನೂ ಮೊಬೈಲಿನ ಆಪ್ ತಿನ್ತಾ ಉಂಟು. ಆದ್ರೂ ಭಜನಾ ಮಂದಿರದಲ್ಲಿ ಹಾಡಿನ ನಡುವೆ ಫೋನ್ ಬಂದ್ರೆ ಶ್ರುತಿ ನಿಲ್ತದೆ, ಇದು ನಾವೆಲ್ಲ ನೋಡಿದ್ದೇ.

ಹಾಗಾಗಿ ನಾನು ಅವಳಿಗೆ ಹೇಳಿದ್ದು ಇಷ್ಟು. ಬಳೆ ಕೈಯಲ್ಲೇ ಇರ್ಲಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ. ಅದೇ ಲೆಕ್ಕದಲ್ಲಿ ಮೊದಲು ಐದು ಪೆಟ್ಟಿಗೆ ಮಾಡು, ಮಾರು, ಆ ಹಣದಲ್ಲಿ ಹತ್ತು ಮಾಡು. ವಿದೇಶದವರಿಗೆ ಮಾಡುವುದರೊಟ್ಟಿಗೆ ಭಜನಾ ಮಂಡಳಿಗೆ ಒಂದು ಗಟ್ಟಿ ಶ್ರುತಿ ಪೆಟ್ಟಿಗೆಯೂ ಮಾಡು. ಅದಕ್ಕೆ ಅವಳು ಒಪ್ಪಿದ್ದಾಳೆ. ನಿಮ್ಮ ಮನೆಯಲ್ಲಿ ಹಾಳಾಗಿ ಬಿದ್ದ ಶ್ರುತಿ ಪೆಟ್ಟಿಗೆ ಇದ್ರೆ ಬಿಸಾಡ್ಬೇಡಿ, ಅವಳಿಗೆ ಬಿಚ್ಚಿ ನೋಡ್ಲಿಕ್ಕೆ ಬೇಕಂತೆ.