ಕೊನೆಗೌಡರ ಪಾಠ

ಕುಮಟಾದ ಬಳಿಯ ಮಿರ್ಜಾನ ಕೋಟೆ ನೋಡಲು ಬಂದವರು ಬುರುಜು, ಬಾವಿ ನೋಡಿ ಹೋಗುತ್ತಾರೆ. ನನಗೆ ಆ ಕಲ್ಲುಗಳಿಗಿಂತ ಈ ಸೀಮೆಯ ಕಾಳುಮೆಣಸೇ ಹೆಚ್ಚು ಕುತೂಹಲದ್ದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದರು. ರಾಣಿಯ ಹೆಸರು ಉಳಿಯಿತು. ಬಳ್ಳಿ ಹಬ್ಬಿಸಿದವರ, ಅದನ್ನು ಮುಂದಿನವರಿಗೆ ಕಲಿಸಿದವರ ಹೆಸರು ಉಳಿಯಲಿಲ್ಲ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿ ಸುತ್ತಿ ಘಟ್ಟ ಹತ್ತಿದ. ಅಡಿಕೆ, ಮೆಣಸು, ಏಲಕ್ಕಿ ಜೊತೆಜೊತೆಗೇ ಬೆಳೆಯುವ ತೋಟಗಳನ್ನು ಅವನು ವಿವರಿಸಿದ್ದಾನೆ. ಇಂದು ನಾವು 'ಕೃಷಿ ಅರಣ್ಯ' ಎನ್ನುವುದು ಇಲ್ಲಿ ಆಗಲೇ ಹಳೆಯ ಸಂಗತಿ. ಅದರ ಬೇರು ಇದ್ದದ್ದು ಸೊಪ್ಪಿನ ಬೆಟ್ಟದಲ್ಲಿ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಸಗಣಿಯೊಡನೆ ಗೊಬ್ಬರವಾಗಿ ತೋಟ ಸೇರುತ್ತಿತ್ತು. ಬ್ರಿಟಿಷರ ಅರಣ್ಯ ಕಾನೂನು ಬಂದ ಮೇಲೆ ಈ ಬಳಕೆ 'ಸವಲತ್ತು' ಎನಿಸಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕವೂ ಬಂತು. ಎಕರೆಯ ಲೆಕ್ಕವೇನೋ ಕಡತಕ್ಕೆ ಸೇರಿತು. ಯಾವ ಮರದ ಯಾವ ಟೊಂಗೆ ಕಡಿದರೆ ಮತ್ತೆ ಚಿಗುರುತ್ತದೆ ಎಂಬ ತಿಳಿವಳಿಕೆ ಮಾತ್ರ ಕತ್ತಿ ಹಿಡಿದವರ ಕೈಯಲ್ಲೇ ಉಳಿಯಿತು.

ಕೊಳೆರೋಗದ ಕಥೆಯೂ ಹೀಗೆಯೇ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಯುವುದು ಹಳೆಯ ಉಪಾಯ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ರೋಗದ ಕಾರಣವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದರು. ವಿಜ್ಞಾನಿಯ ಹೆಸರು ಪುಸ್ತಕದಲ್ಲಿದೆ. ಆದರೆ ಜಾರುವ ಮರವೇರಿ, ಒಂದರಿಂದ ಇನ್ನೊಂದಕ್ಕೆ ದಾಟುತ್ತ ಆ ಔಷಧಿ ಹೊಡೆದವರು ಕೊನೆಗೌಡರು. ಅವರಿಲ್ಲದೆ ಆ ಶೋಧ ಗೊನೆ ಮುಟ್ಟುತ್ತಿರಲಿಲ್ಲ.

1985ರಲ್ಲಿ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಬಂತು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳೂ ಬಂದವು. ಇವು ಬೇಕಾದವೇ. ಆದರೂ ಕೊನೆಗೌಡರ ಮಕ್ಕಳು ಬೇರೆ ಕೆಲಸ ಹುಡುಕಿ ಹೋದರು. ತೋಟದೊಡೆಯರ ಮಕ್ಕಳು ಬೆಂಗಳೂರಿಗೆ ಹೋದರು. ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುವ ಕಾಲ. ಅಪಾಯ ತಗ್ಗಿತು, ಅದು ಒಳ್ಳೆಯದೇ. ಆದರೆ ದೋಟಿ ಗೊನೆಯನ್ನು ಇಳಿಸುತ್ತದೆ, ಬೆಟ್ಟವನ್ನು ಓದಲು ಕಲಿಸುವುದಿಲ್ಲ.

ಯುವ ಕೃಷಿಕರಿಗೆ ತರಬೇತಿ ಎಂದಾಗ ನಾವು ಸಭಾಭವನ, ಪರದೆ, ಪ್ರಮಾಣಪತ್ರ ನೆನೆಯುತ್ತೇವೆ. ಈ ಸೀಮೆಯ ಚರಿತ್ರೆ ಹೇಳುವುದು ಬೇರೆ: ಇಲ್ಲಿ ಕಲಿಸಿದವರಲ್ಲಿ ಹೆಚ್ಚಿನವರು ಕೂಲಿ ಪಡೆದರು, ಗುರು ಎನಿಸಿಕೊಳ್ಳಲಿಲ್ಲ. ಮರವೇರಿ, ಸೊಪ್ಪು ಕಡಿದು ಬೆಟ್ಟವನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರನ್ನು ತರಬೇತಿಯ ವೇದಿಕೆಗೆ ಕರೆಯಬೇಕು, ಪಾಠಕ್ಕೆ ತಕ್ಕ ಸಂಭಾವನೆ ಕೊಡಬೇಕು. ಈ ತಲೆಮಾರು ತೀರಿದ ಮೇಲೆ ಆ ಪಾಠಕ್ಕೆ ಬೇರೆ ಪುಸ್ತಕವಿಲ್ಲ.