ಗುರುವಿನ ಕೈಯಲ್ಲಿ ಕೋವಿ

ಉಪಾಧ್ಯಾಯನಾದವನು ತರಗತಿಗೆ ಹೋಗುವಾಗ ಕೈಯಲ್ಲಿ ಏನನ್ನು ಹಿಡಿದು ಹೋಗಬೇಕು? ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ: ಪಠ್ಯಪುಸ್ತಕ, ಹಾಜರಿ ಪುಸ್ತಕ, ಒಂದು ತುಂಡು ಸೀಮೆಸುಣ್ಣ. ಹಿಂದಿನವರಾದರೆ ಇವುಗಳ ಜೊತೆಗೆ ಒಂದು ಬೆತ್ತವನ್ನೂ ಸೇರಿಸುತ್ತಿದ್ದರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪಟ್ಟಿಗೆ ಪಿಸ್ತೂಲನ್ನೂ ಸೇರಿಸಬೇಕೆ ಬೇಡವೆ ಎಂಬ ವಾದ ಬಹಳ ವರ್ಷಗಳಿಂದ ನಡೆದಿದೆ. ಕೆಲವು ಸಂಸ್ಥಾನಗಳಲ್ಲಿ ವಾದ ಮುಗಿದು ಕಾನೂನೇ ಆಗಿದೆ. 2022ರಲ್ಲಿ ಒಹಾಯೊ ಸಂಸ್ಥಾನ, ಹೆಚ್ಚೆಂದರೆ 24 ಗಂಟೆಗಳ ತರಬೇತಿ ಪಡೆದ ಉಪಾಧ್ಯಾಯರು ಶಾಲೆಯೊಳಗೆ ಆಯುಧ ಧರಿಸಬಹುದೆಂದು ವಿಧಿಸಿತು. ಅದಕ್ಕೆ ಮೊದಲು ಬೇಕಾಗಿದ್ದ ತರಬೇತಿ 700 ಗಂಟೆಗಳಿಗೂ ಮೀರಿದುದು. 2024ರಲ್ಲಿ ಟೆನೆಸೀ ಸಂಸ್ಥಾನವೂ ಅದೇ ದಾರಿ ಹಿಡಿಯಿತು. ಅಲ್ಲಿಯ ಕಾನೂನಿನ ಪ್ರಕಾರ ಯಾವ ಉಪಾಧ್ಯಾಯರ ಬಳಿ ಕೋವಿ ಇದೆ ಎಂಬುದನ್ನು ಮಕ್ಕಳ ತಂದೆತಾಯಿಗಳಿಗೂ ತಿಳಿಸುವಂತಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆ ಎಂದು ನಮಗೆ ತೋರಬಹುದು. ಆದರೆ ಆ ದೇಶದ ವಿದ್ಯಾಲಯಗಳ ಚರಿತ್ರೆಯನ್ನು ತಿರುವಿ ನೋಡಿದರೆ, ವಿದ್ಯೆ ಮತ್ತು ಕೋವಿಗಳ ವ್ಯಾಜ್ಯಕ್ಕೆ 200 ವರ್ಷಗಳ ವಯಸ್ಸಾಗಿದೆ ಎಂದು ಗೊತ್ತಾಗುತ್ತದೆ.

1819ರಲ್ಲಿ ಥಾಮಸ್ ಜೆಫರ್ಸನ್ ವರ್ಜೀನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದನು. ಪಾಠ ಆರಂಭವಾಗುವುದಕ್ಕೆ ಮುಂಚೆಯೇ, 1824ರ ಅಕ್ಟೋಬರಿನಲ್ಲಿ, ಅದರ ಆಡಳಿತ ಮಂಡಲಿ ಸೇರಿ ನಿಯಮಗಳನ್ನು ಬರೆಯಿತು. ಜೆಫರ್ಸನ್, ಜೇಮ್ಸ್ ಮ್ಯಾಡಿಸನ್ ಇಬ್ಬರೂ ಆ ಮಂಡಲಿಯಲ್ಲಿದ್ದರು. ಇಬ್ಬರೂ ಅಧ್ಯಕ್ಷ ಪದವಿಯಲ್ಲಿದ್ದು ಬಂದವರು. ಆಯುಧ ಧರಿಸುವ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಗಳ ಕರಡನ್ನು ಮಂಡಿಸಿದವನು ಇದೇ ಮ್ಯಾಡಿಸನ್. ಅಂಥವರು ಕೂಡಿ ಮಾಡಿದ ನಿಯಮಗಳಲ್ಲಿ ಒಂದು, ವಿದ್ಯಾರ್ಥಿಯಾದವನು ವಿಶ್ವವಿದ್ಯಾಲಯದ ಆವರಣದಲ್ಲಿ ಯಾವ ಬಗೆಯ ಆಯುಧವನ್ನೂ ಮದ್ದನ್ನೂ ಇಟ್ಟುಕೊಳ್ಳಕೂಡದು ಎಂಬುದು. ಪ್ರಜೆಯ ಹಕ್ಕು ಬೇರೆ, ವಿದ್ಯಾಲಯದ ಹೊಸಿಲು ಬೇರೆ ಎಂಬ ವಿವೇಕ ಆ ಹಿರಿಯರಿಗೆ ಇದ್ದಿತು.

ನಿಯಮವೇನೋ ಇದ್ದಿತು; ಅದನ್ನು ಪಾಲಿಸುವ ಮನಸ್ಸು ಹುಡುಗರಿಗೆ ಇರಲಿಲ್ಲ. ಅವರಲ್ಲಿ ಬಹುಮಂದಿ ಗುಲಾಮರನ್ನಿಟ್ಟುಕೊಂಡ ದೊಡ್ಡ ಜಮೀನುದಾರರ ಮಕ್ಕಳು. ಮಾತಿಗೆ ಮೊದಲೇ ಕೈಯೆತ್ತುವುದನ್ನು ಮನೆಯಲ್ಲಿಯೇ ಕಲಿತು ಬಂದವರು. 1836ರಲ್ಲಿ ಅವರು ಕಟ್ಟಿಕೊಂಡಿದ್ದ ಸೈನಿಕ ತಂಡಕ್ಕೂ ಪ್ರಾಧ್ಯಾಪಕರಿಗೂ ಬಂದೂಕುಗಳ ವಿಷಯದಲ್ಲಿ ಜಗಳ ಹತ್ತಿತು, ದೊಡ್ಡ ಗಲಭೆಯಾಯಿತು. ಮುಂದೆ ಪ್ರತಿವರ್ಷವೂ ನವೆಂಬರಿನಲ್ಲಿ ಆ ಗಲಭೆಯ ನೆನಪಿಗಾಗಿ ಮತ್ತೊಂದು ಗಲಭೆ ಮಾಡುವುದು ವಾಡಿಕೆಯಾಯಿತು.

1840ರ ನವೆಂಬರ್ 12ರ ರಾತ್ರಿ ಮುಸುಕು ಹಾಕಿಕೊಂಡ ಇಬ್ಬರು ವಿದ್ಯಾರ್ಥಿಗಳು ಆವರಣದಲ್ಲಿ ಪಿಸ್ತೂಲು ಹಾರಿಸುತ್ತ ತಿರುಗುತ್ತಿದ್ದರು. ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಡೇವಿಸ್ ಸದ್ದು ಕೇಳಿ ಮನೆಯಿಂದ ಹೊರಗೆ ಬಂದನು. ಒಬ್ಬನನ್ನು ಹಿಡಿದು, ಅವನು ಯಾರೆಂದು ನೋಡಲು ಮುಸುಕಿಗೆ ಕೈ ಹಾಕಿದನು. ಹುಡುಗ ಗುಂಡು ಹೊಡೆದನು. ಎರಡು ದಿನಗಳ ಮೇಲೆ ಡೇವಿಸ್ ತೀರಿಕೊಂಡನು. ತನ್ನನ್ನು ಕೊಂದವನ ಹೆಸರನ್ನು ಸಾಯುವವರೆಗೂ ಅವನು ಹೇಳಲಿಲ್ಲವೆಂದು ಪ್ರತೀತಿ. ಹುಡುಗನೇನೋ ಸಿಕ್ಕಿದನು; ಜಾಮೀನಿನ ಮೇಲೆ ಹೊರಬಂದು ತಪ್ಪಿಸಿಕೊಂಡನು.

ಇಂದಿನ ಕಾಲವಾಗಿದ್ದರೆ, ಇನ್ನು ಮುಂದೆ ಪ್ರಾಧ್ಯಾಪಕರೂ ಪಿಸ್ತೂಲು ಇಟ್ಟುಕೊಳ್ಳಲಿ ಎಂಬ ಕೂಗು ಮರುದಿನವೇ ಏಳುತ್ತಿತ್ತು. ಅಲ್ಲಿ ಆದದ್ದು ಬೇರೆ. ಡೇವಿಸನ ಸ್ಥಾನಕ್ಕೆ ಬಂದ ಹೆನ್ರಿ ಸೇಂಟ್ ಜಾರ್ಜ್ ಟಕರ್ 1842ರಲ್ಲಿ ಒಂದು ಸೂಚನೆ ತಂದನು: ಪರೀಕ್ಷೆ ಬರೆದ ವಿದ್ಯಾರ್ಥಿ, ತಾನು ಯಾರ ಸಹಾಯವನ್ನೂ ಪಡೆದಿಲ್ಲವೆಂದು ಮಾನದ ಮೇಲೆ ಆಣೆಯಿಟ್ಟು ಬರೆದುಕೊಡಬೇಕು, ಪ್ರಾಧ್ಯಾಪಕರು ಅದನ್ನು ನಂಬಬೇಕು. ಕೊಲೆಗೆ ಉತ್ತರವಾಗಿ ಪರೀಕ್ಷೆಯ ಆಣೆಯೆ ಎಂದು ನಗು ಬರಬಹುದು. ಆದರೆ ಪ್ರಾಧ್ಯಾಪಕರು ಕಾವಲುಗಾರರಂತೆಯೂ ವಿದ್ಯಾರ್ಥಿಗಳು ಕಳ್ಳರಂತೆಯೂ ಒಬ್ಬರನ್ನೊಬ್ಬರು ನೋಡುತ್ತಿದ್ದುದೇ ರೋಗದ ಬೇರು ಎಂದು ಕಂಡುಕೊಂಡವರ ಉತ್ತರ ಅದು. ಅದರಿಂದ ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. 1845ರಲ್ಲಿ ಮತ್ತೆ ಗಲಭೆಯಾಯಿತು. ಆ ನಂಬಿಕೆಯ ಪರಿಧಿಯೂ ಸಣ್ಣದು. ಅದೇ ಆವರಣದಲ್ಲಿ ನೀರು ಹೊತ್ತು ಕಸ ಗುಡಿಸುತ್ತಿದ್ದ ಗುಲಾಮರಿಗೆ ಅದರಲ್ಲಿ ಪಾಲಿರಲಿಲ್ಲ. ಆದರೂ ಅಲ್ಲಿ ಮೊದಲಾದ ಆ ಪದ್ಧತಿ, ಹಲವು ಮಾರ್ಪಾಡುಗಳೊಡನೆ, ಇಂದಿಗೂ ಉಳಿದು ಬಂದಿದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 1999ರಲ್ಲಿ ಕೊಲಂಬೈನ್ ಶಾಲೆಯ ಇಬ್ಬರು ವಿದ್ಯಾರ್ಥಿಗಳು ತಮ್ಮ ಜೊತೆಯವರನ್ನೇ ಕೊಂದರು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಂದಿ ಎಳೆಯ ಮಕ್ಕಳೂ 6 ಮಂದಿ ದೊಡ್ಡವರೂ ಸತ್ತರು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಅಲ್ಲಿಯ ಹಳೆಯ ವಿದ್ಯಾರ್ಥಿಯೊಬ್ಬನು 17 ಜನರನ್ನು ಕೊಂದನು. ಆ ದಿನ ಆರನ್ ಫೈಸ್ ಎಂಬ ಕ್ರೀಡಾ ಶಿಕ್ಷಕನು ಬರಿಗೈಯಲ್ಲಿ ಮಕ್ಕಳಿಗೆ ಅಡ್ಡ ನಿಂತು ಪ್ರಾಣ ಕೊಟ್ಟನು. ಶಾಲೆಯ ಸಿಬ್ಬಂದಿಗೆ ಆಯುಧ ಕೊಡುವ ಯೋಜನೆಯೊಂದನ್ನು ಅದೇ ವರ್ಷ ಫ್ಲಾರಿಡಾ ಸರ್ಕಾರ ತಂದಿತು, ಅದಕ್ಕೆ ಅವನ ಹೆಸರನ್ನೇ ಇಟ್ಟಿತು. ಮೊದಲು ಪಾಠ ಮಾಡುವವರನ್ನು ಅದರಿಂದ ಹೊರಗಿಟ್ಟಿದ್ದರು. 2019ರಲ್ಲಿ ಅವರನ್ನೂ ಸೇರಿಸಿಕೊಂಡರು.

ಕೋವಿ ಬೇಕೆನ್ನುವವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹಂತಕನು ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಸುತ್ತಾನೆ. ಹಳ್ಳಿಯ ಶಾಲೆಗೆ ಪೋಲೀಸರು ಬರುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಾಗಿಲ ಹಿಂದೆ ಮಕ್ಕಳನ್ನು ಬಚ್ಚಿಟ್ಟುಕೊಂಡ ಉಪಾಧ್ಯಾಯಿನಿ ಆಗ ಏನು ಮಾಡಬೇಕು? 2022ರಲ್ಲಿ ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ ಪೋಲೀಸರು ಬಂದೂ ಒಳಗೆ ನುಗ್ಗಲಿಲ್ಲ. ಅಲ್ಲಿ ಸೇರಿದ ಅಧಿಕಾರಿಗಳು 376 ಮಂದಿ. ಹಂತಕನನ್ನು ಹೊಡೆದುರುಳಿಸಲು ತೆಗೆದುಕೊಂಡ ಕಾಲ 77 ನಿಮಿಷ. ಸತ್ತವರು 19 ಮಕ್ಕಳು, ಇಬ್ಬರು ಉಪಾಧ್ಯಾಯಿನಿಯರು. ಪೋಲೀಸರನ್ನು ನಂಬಿ ಫಲವಿಲ್ಲವೆಂದು ಒಂದು ಪಕ್ಷದವರು ಇದನ್ನೇ ತೋರಿಸುತ್ತಾರೆ. ವೃತ್ತಿಯಿಂದಲೇ ಆಯುಧ ಹಿಡಿದ ಅಷ್ಟು ಮಂದಿಯ ಕೈ ನಡುಗಿದಲ್ಲಿ 24 ಗಂಟೆ ಕಲಿತ ಉಪಾಧ್ಯಾಯನ ಕೈ ನಡುಗದೆ ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ.

ಈ ವಾದಕ್ಕೆ ಅನುಭವದ ಸಾಕ್ಷ್ಯ ಬೇಕೆಂದರೆ ನಮ್ಮ ನೆರೆಯ ದೇಶದ ಕಡೆ ನೋಡಬೇಕು. 2014ರ ಡಿಸೆಂಬರ್ 16ರಂದು ಪೇಷಾವರದ ಸೈನಿಕ ಶಾಲೆಯೊಂದಕ್ಕೆ ಭಯೋತ್ಪಾದಕರು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಮುಂದಿನ ತಿಂಗಳೇ ಆ ಪ್ರಾಂತದ ಸರ್ಕಾರ ಉಪಾಧ್ಯಾಯರು ಆಯುಧ ತರಬಹುದೆಂದು ಅನುಮತಿ ಕೊಟ್ಟಿತು. ಉಪಾಧ್ಯಾಯಿನಿಯರಿಗೆ ಪೋಲೀಸರು ಗುಂಡು ಹಾರಿಸುವುದನ್ನು ಕಲಿಸಿದರು. ನಮ್ಮ ಕೆಲಸ ಪಾಠ ಹೇಳುವುದು ಎಂದು ಉಪಾಧ್ಯಾಯರ ಸಂಘದವರು ಆಕ್ಷೇಪಿಸಿದರು. ಅದೇ 2015ರಲ್ಲಿ ಸ್ವಾತ್ ಕಣಿವೆಯ ಶಾಲೆಯೊಂದರಲ್ಲಿ ಉಪಾಧ್ಯಾಯನೊಬ್ಬನು ಪಿಸ್ತೂಲನ್ನು ಒರಸುತ್ತಿರುವಾಗ ಗುಂಡು ಹಾರಿ ಒಬ್ಬ ಬಾಲಕ ಸತ್ತನು.

ಮರುವರ್ಷ, 2016ರ ಜನವರಿ 20ರಂದು, ಚಾರ್‌ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯದ ಮೇಲೆ ದಾಳಿಯಾಯಿತು. ಸೈಯದ್ ಹಮೀದ್ ಹುಸೇನ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕರು ತಮ್ಮ ಪಿಸ್ತೂಲಿನಿಂದ ಎದುರು ನಿಂತು ಗುಂಡು ಹಾರಿಸಿದರು. ಆ ಸಮಯದಲ್ಲಿ ಕೆಲವು ವಿದ್ಯಾರ್ಥಿಗಳು ಪಾರಾದರು, ಅಧ್ಯಾಪಕರು ಸತ್ತರು. ಆ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಬಾಚಾ ಖಾನರು ಬೇರೆ ಯಾರೂ ಅಲ್ಲ, ನಮ್ಮ ಹಿರಿಯರು ಗಡಿನಾಡ ಗಾಂಧಿ ಎಂದು ಕರೆದ ಖಾನ್ ಅಬ್ದುಲ್ ಗಫಾರ್ ಖಾನರು. ಅಂದು ಅವರ ಪುಣ್ಯತಿಥಿ. ಅವರ ನೆನಪಿಗಾಗಿ ಅಲ್ಲಿ ಕವಿಗೋಷ್ಠಿ ಏರ್ಪಟ್ಟಿತ್ತು.

ಹಮೀದ್ ಹುಸೇನರ ಮುಂದೆ ನಾನು ತಲೆಬಾಗುತ್ತೇನೆ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಪಿಸ್ತೂಲು ಇರಬಾರದಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಬ್ಬ ವೀರನ ಸಾವನ್ನು ಸಾವಿರಾರು ಶಾಲೆಗಳಿಗೆ ವಿಧಿಯನ್ನಾಗಿ ಮಾಡುವುದು ಬೇರೆ ಮಾತು. ಅಂಥ ಘಳಿಗೆ ಬರುವುದು ಎಲ್ಲೋ ಒಂದು ಕಡೆ, ಒಂದು ದಿನ. ಕೋವಿ ತರಗತಿಯಲ್ಲಿ ಇರುವುದು ಪ್ರತಿ ದಿನ. ಸ್ವಾತ್ ಕಣಿವೆಯ ಬಾಲಕನನ್ನು ಕೊಂದದ್ದು ಶತ್ರುವಲ್ಲ, ಅವನ ರಕ್ಷಣೆಗೆಂದು ತಂದ ಆಯುಧ.

ಇನ್ನೊಂದು ಕಷ್ಟವಿದೆ. ಪೇಷಾವರಕ್ಕೆ ಬಂದವರು ಹೊರಗಿನವರು. ಕೊಲಂಬೈನಿನಲ್ಲಿ, ಪಾರ್ಕ್‌ಲ್ಯಾಂಡಿನಲ್ಲಿ ಬಂದವರು ಅದೇ ಶಾಲೆಯ ಹುಡುಗರು. ಅಲ್ಲಿ ಕೋವಿ ಧರಿಸಿದ ಉಪಾಧ್ಯಾಯನು, ತಾನು ಅಕ್ಷರ ಕಲಿಸಿದ ಹುಡುಗನಿಗೆ ಗುರಿಯಿಡಲು ಸಿದ್ಧನಾಗಿ ಪ್ರತಿದಿನ ಬೆಳಿಗ್ಗೆ ಶಾಲೆಗೆ ಹೋಗಬೇಕು. ಮುಂದೆ ಕುಳಿತ ಮೂವತ್ತು ಮುಖಗಳಲ್ಲಿ ಅದು ಯಾವುದಾದೀತೆಂದು ಹುಡುಕುವ ಕಣ್ಣು ಪಾಠವನ್ನು ಹೇಗೆ ನೋಡೀತು? ನಾನೂ ಪಾಠ ಹೇಳುವವನೇ ಆದುದರಿಂದ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕನ್ನಡ ನಾಡಿನ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ನೆನಪಾಗದೆ ಇರದು. ಐದನೆಯ ಶತಮಾನದ ಆ ಶಾಸನದ ಪ್ರಕಾರ, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದನು. ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ದರ್ಭೆ, ಸಮಿತ್ತುಗಳನ್ನು ಹಿಡಿದು ಪಳಗಿದ ಕೈ ಕತ್ತಿಯನ್ನು ಹಿರಿಯಿತು. ಅದರಿಂದ ಕದಂಬ ರಾಜ್ಯ ಹುಟ್ಟಿತು, ನಮಗೆ ಅದು ಹೆಮ್ಮೆಯೇ. ಆದರೆ ಕತ್ತಿ ಹಿರಿದ ಮೇಲೆ ಶಾಸನ ಹೇಳುವುದು ಕಾಡಿನ ಕಥೆ, ಕಪ್ಪದ ಕಥೆ, ರಾಜ್ಯದ ಕಥೆ. ಘಟಿಕೆಯ ಪಾಠದ ಕಥೆಯಲ್ಲ. ಶರ್ಮನ ಮಗ ಕಂಗವರ್ಮನಾದನು. ಆ ಕವಿ ಕುಬ್ಜನಿಗೆ ಎರಡು ಬಾಳುಗಳ ನಡುವಣ ಗೆರೆ ಸ್ಪಷ್ಟವಾಗಿತ್ತು.

ಮಕ್ಕಳನ್ನು ಕಾಯುವುದು ಬೇಡವೆಂದು ಯಾರೂ ಹೇಳರು. ಕಾಯಬೇಕಾದ ಹೊಣೆ ಯಾರದು ಎಂಬುದೇ ಪ್ರಶ್ನೆ. ಹದಿನೆಂಟು ತುಂಬಿದ ಹುಡುಗನಿಗೆ ಅಂಗಡಿಯಲ್ಲಿ ಬಂದೂಕು ಮಾರಲು ಅನುಮತಿ ಕೊಟ್ಟದ್ದು ಸರ್ಕಾರ. ಯುವಾಲ್ಡಿಯ ಹಂತಕನು ಕೊಂಡದ್ದು ಹಾಗೆಯೇ. ಆ ಬಾಗಿಲನ್ನು ತೆರೆದಿಟ್ಟು, ಶಾಲೆಯ ಬಾಗಿಲಲ್ಲಿ ಉಪಾಧ್ಯಾಯನನ್ನು ಕಾವಲಿಗೆ ನಿಲ್ಲಿಸುವುದು ನ್ಯಾಯವಲ್ಲ. ಜೆಫರ್ಸನ್, ಮ್ಯಾಡಿಸನ್‌ರು 1824ರಲ್ಲಿ ಹುಡುಗರ ಕೈಯಿಂದ ಆಯುಧವನ್ನು ಇಳಿಸಬೇಕೆಂದು ಯೋಚಿಸಿದರೇ ಹೊರತು, ಗುರುಗಳ ಕೈಗೆ ಕೊಡಬೇಕೆಂದು ಯೋಚಿಸಲಿಲ್ಲ. ಅವರ ದೇಶದವರು ಅದನ್ನು ಇನ್ನೊಮ್ಮೆ ಓದಿಕೊಂಡರೆ ಒಳ್ಳೆಯದು.