ಕೋಟೆ ಶಾಲೆಯ ಚಪ್ಪರ

ರಾಮನವಮಿ ಎಂದರೆ ನಮ್ಮ ಹಳೇ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಪಾನಕ, ಕೋಸಂಬರಿ, ನೀರುಮಜ್ಜಿಗೆ; ಆಮೇಲೆ ರಾಮ. ಬೆಂಗಳೂರಿನವರಿಗೆ ಇವೆಲ್ಲದರ ಜೊತೆಗೆ ಸಂಗೀತವೂ ಸೇರುತ್ತದೆ. ಯುಗಾದಿ ಕಳೆಯುತ್ತಿದ್ದಂತೆ ಬಡಾವಣೆಗೊಂದು ಚಪ್ಪರ ಏಳುತ್ತದೆ. ದೇವಸ್ಥಾನದ ಅಂಗಳ, ಶಾಲೆಯ ಮೈದಾನ, ಇಲ್ಲವೇ ಬೀದಿಯ ಕೊನೆ, ಎಲ್ಲಿಯಾದರೂ ಸರಿ. ಇಂಥ ಚಪ್ಪರಗಳಲ್ಲಿ ಹೆಸರಾದದ್ದು ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯದು.

ಚಾಮರಾಜಪೇಟೆ ಸುಮ್ಮನೆ ಬೆಳೆದ ಪೇಟೆಯಲ್ಲ. 1892ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಹಳೆಯ ಕೋಟೆಯ ಪಕ್ಕಕ್ಕೆ ಅಳತೆ ಮಾಡಿ ಕಟ್ಟಿದ ಬಡಾವಣೆ ಅದು. ಕನ್ನಡ ಸಾಹಿತ್ಯ ಪರಿಷತ್ತು ನೆಲೆಯೂರಿದ್ದೂ ಅಲ್ಲೇ. ಗುಮಾಸ್ತರು, ಮೇಷ್ಟರು, ವಕೀಲರು ತುಂಬಿಕೊಂಡ ಆ ಬೀದಿಗಳಲ್ಲಿ 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಎಂಬ ಹದಿಹರೆಯದ ಹುಡುಗ ತನ್ನ ಗೆಳೆಯರನ್ನು ಸೇರಿಸಿಕೊಂಡು ರಾಮೋತ್ಸವ ಶುರುಮಾಡಿದ. ಹುಡುಗರ ಉತ್ಸಾಹ ಸಾಮಾನ್ಯವಾಗಿ ಎರಡು ವರ್ಷಕ್ಕೆ ಆರುತ್ತದೆ, ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ಗೊತ್ತು. ಈ ಹುಡುಗನದು ಆರಲಿಲ್ಲ. ಉತ್ಸವ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಬಂತು, ಒಂಬತ್ತು ದಿನ ಬೆಳೆದು ಒಂದು ತಿಂಗಳಾಯಿತು. ಎಂ. ಎಸ್. ಸುಬ್ಬುಲಕ್ಷ್ಮಿಯಂಥವರು ಅಲ್ಲಿ ಹಾಡಿದರು. ಹಿಂದೂಸ್ತಾನಿಗೂ ಜಾಗ ಸಿಕ್ಕಿತು. ಗದಗಿನ ಭೀಮಸೇನ ಜೋಶಿಯವರೂ ಆ ವೇದಿಕೆ ಏರಿದರು.

ಈ 1939 ಎಂಬ ಇಸವಿಯ ಮೇಲೆ ನನಗೆ ವಿಶೇಷ ಪ್ರೀತಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು ಮರುವರ್ಷ, 1940ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಸಂಗೀತವೆಂದರೆ ಅರಮನೆಯ ಸಂಗೀತ. ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಎಲ್ಲರೂ ಆಸ್ಥಾನ ವಿದ್ವಾಂಸರೇ. ನಂತರ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು, ಆದರೆ ಅವರ ಕಾಲದಲ್ಲೇ ರಾಜ್ಯವೂ ಹೋಯಿತು, ರಾಜ್ಯದ ಬೊಕ್ಕಸವೂ ಹೋಯಿತು. ವಾಸುದೇವಾಚಾರ್ಯರು ಮುಪ್ಪಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಪಾಠ ಹೇಳಲು ಹೋದರು. ದರ್ಬಾರ್ ಹಾಲಿನ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಲೇಬೇಕಿತ್ತು. ವಹಿಸಿಕೊಂಡದ್ದು ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗಿದವರು. ನಮ್ಮ ಸಮಾಜ ಪುಸ್ತಕದಲ್ಲಿ ಅರಮನೆಗೆ ಒಂದು ಇಡೀ ಪಾಠವಿದೆ, ಚಪ್ಪರಕ್ಕೆ ಒಂದು ಸಾಲೂ ಇಲ್ಲ.

ಹೆಂಗಸರ ಮಾತೂ ಇದೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡಿನಲ್ಲಿ ಗುಡಿ ಕಟ್ಟಿಸಿದವರು. ಅದೇ ಊರಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ಜಗ್ಗಲಿಲ್ಲ, ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಕೊನೆಗೆ ಎಲ್ಲ ಗುಂಪುಗಳೂ ಒಂದಾದದ್ದು ಸುಮಾರಾಗಿ ನಮ್ಮ ಚಾಮರಾಜಪೇಟೆಯ ಹುಡುಗರು ಚಪ್ಪರ ಹಾಕಿದ ಕಾಲಕ್ಕೇ. ನನ್ನ ಅಜ್ಜಿಗೆ ನೂರು ದೇವರನಾಮ ಬರುತ್ತಿತ್ತು, ಅಡುಗೆಮನೆಯ ಹೊಸ್ತಿಲು ದಾಟಿ ಒಂದೂ ಹಾಡಿದವಳಲ್ಲ.

ನಾನು ಆ ಚಪ್ಪರ ಕಂಡದ್ದು 1997ರ ಏಪ್ರಿಲ್‌ನಲ್ಲಿ. ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮ ಯಜಮಾನರು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಗೀತ ಕಲಿತವರಲ್ಲ, ರೇಡಿಯೋ ಕೇಳಿ ಕೇಳಿ ತಾಳ ರೂಢಿಸಿಕೊಂಡವರು. ನನ್ನ ಪರೀಕ್ಷೆ ಪೇಪರುಗಳು ಮುಗಿದ ಮರುದಿನವೇ ಅರಸೀಕೆರೆಯಲ್ಲಿ ರೈಲು ಹತ್ತಿದೆವು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಅತ್ತೆ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ.

ಸಿಕ್ಕಿದ್ದು ಹಿಂದಿನ ಸಾಲು. ಹೊರಗೆ ರಸ್ತೆಯಲ್ಲಿ ಪೇಪರು ಹಾಸಿಕೊಂಡು ಕೂತವರಿಗೆ ಟಿಕೆಟ್ಟಿನ ಗೊಡವೆಯೇ ಇರಲಿಲ್ಲ; ಒಬ್ಬ ಆಟೋದವನು ಗಾಡಿ ನಿಲ್ಲಿಸಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ್ದ. ದರ್ಬಾರಿನಲ್ಲಿ ಇವನಿಗೆ ಯಾರು ಜಾಗ ಕೊಡುತ್ತಿದ್ದರು ಎಂದುಕೊಂಡೆ. ಗಾಯಕಿ ಕಲ್ಯಾಣಿ ರಾಗ ಎತ್ತಿಕೊಂಡರು. ನನಗೆ ರಾಗ ತಿಳಿಯದು, ಆದ್ದರಿಂದ ಇವರ ಕೈಯನ್ನೇ ನೋಡುತ್ತಿದ್ದೆ. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಪೆಟ್ಟು, ಕೈ ತಿರುವು, ಪೆಟ್ಟು, ತಿರುವು. ಎಂಟಕ್ಕೆ ಒಂದು ಸುತ್ತು. ಹತ್ತು ನಿಮಿಷದಲ್ಲಿ ನನ್ನ ಕೈಯೂ ಸೆರಗಿನಡಿ ಹಾಗೇ ಆಡತೊಡಗಿತು. ಇವರು ನೋಡಿದರು, ಏನೂ ಹೇಳಲಿಲ್ಲ, ತಮ್ಮ ಕೈ ಸ್ವಲ್ಪ ದೊಡ್ಡದಾಗಿ ಆಡಿಸಿದರು.

ಹಾಡು ಮುಗಿದು ಮೃದಂಗದ ತನಿ ಶುರುವಾಯಿತು. ಆಗ ಒಂದು ವಿಚಿತ್ರ. ಸಾಲು ಸಾಲಾಗಿ ಜನ ಕಾಫಿಗೆ ಎದ್ದರು. ಇವರಿಗೆ ಎಲ್ಲಿಲ್ಲದ ಸಿಟ್ಟು. "ನೋಡೇ, ಪಾಪ ಆ ಮನುಷ್ಯ ಸಂಜೆಯಿಂದ ಬೇರೆಯವರಿಗೆ ನುಡಿಸಿದ್ದಾನೆ. ಈಗ ಅವನ ಸರದಿ, ಈಗಲೇ ಏಳಬೇಕಾ ಇವರು?" ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು. ಗಿರಣಿಯಲ್ಲಿ ಕೂಗಿ ಮಾತಾಡಿ ಅಭ್ಯಾಸ.

ಆ ಗಿರಣಿಯ ಸದ್ದೇ ಆಮೇಲೆ ಕಿವಿಯನ್ನು ತಿಂದಿತು. ಐವತ್ತರ ಹೊತ್ತಿಗೆ ಎತ್ತರದ ಸ್ವರಗಳು ಮೊದಲು ಹೋದವು. ಹಕ್ಕಿಯ ಕೂಗು, ಕುಕ್ಕರಿನ ಸೀಟಿ, ಫೋನಿನಲ್ಲಿ ಮಗಳ ಮಾತು. ಯಂತ್ರ ಹಾಕಿಸಿದೆವು. ಅದು ಮಾತಿಗೆ ಮಾಡಿದ ಸಾಧನ, ಪಿಟೀಲನ್ನು ಅದರಲ್ಲಿ ಕೇಳಿದರೆ ತಗಡು ಕೆರೆದಂತೆ ಎನ್ನುತ್ತಿದ್ದರು. ರೇಡಿಯೋ ಬೀರುವಿನ ಮೇಲೆ ಹೋಯಿತು.

2019ರ ಬೇಸಿಗೆಯಲ್ಲಿ ನಾನೇ ಹಟ ಮಾಡಿ ಮತ್ತೆ ಕರೆದುಕೊಂಡು ಹೋದೆ. ಈ ಸಲ ಮುಂದಿನ ಸಾಲಿನ ಟಿಕೆಟ್ಟು. ಕೂತ ಸ್ವಲ್ಪ ಹೊತ್ತಿಗೇ ಇವರು ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಹಾಡು ಕೇಳಿಸುತ್ತಿಲ್ಲವೆಂದು ಮುಖವೇ ಹೇಳುತ್ತಿತ್ತು. ನಾನು ಇವರ ಅಂಗೈಯನ್ನು ಎಳೆದುಕೊಂಡು ಅದರ ಮೇಲೆ ತಾಳ ಹಾಕತೊಡಗಿದೆ. ಸಮಕ್ಕೆ ಬಂದಾಗಲೊಮ್ಮೆ ತುಸು ಒತ್ತುತ್ತಿದ್ದೆ. ಹಾಡುವವರು ಎಲ್ಲಿದ್ದಾರೆಂದು ತಿಳಿದರೆ ಸಾಕಲ್ಲ.

ತನಿ ಬಂತು. ಮೃದಂಗದ ಎಡದ ಮುಚ್ಚಿಗೆಯ ಗುಮುಕಿ ಇವರಿಗೆ ಕೇಳಿಸಿತು, ಪೂರಾ ಕೇಳಿಸಿತು. ನೆಟ್ಟಗೆ ಕೂತರು. ನನ್ನ ಕೈ ಬಿಡಿಸಿಕೊಂಡು ತಾವೇ ತೊಡೆ ತಟ್ಟತೊಡಗಿದರು. ಕಣ್ಣು ವೇದಿಕೆಯ ಮೇಲಿಂದ ಕದಲಲಿಲ್ಲ. ನಡುವೆ ಒಮ್ಮೆ, ನನ್ನತ್ತ ತಿರುಗದೆಯೇ, "ಯಾರೂ ಏಳಲಿಲ್ಲ ತಾನೇ?" ಎಂದು ಕೇಳಿದರು.

ಹಿಂದೆ ನೋಡಿದೆ. ಅರ್ಧ ಚಪ್ಪರ ಕಾಫಿಗೆ ಹೊರಟಿತ್ತು.

"ಇಲ್ಲ ರೀ, ಎಲ್ಲರೂ ಕೂತಿದ್ದಾರೆ" ಎಂದು ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳಿದೆ.